ಅಂಬಾಸಿಡರ್ ಪಾಯಿಂಟ್, ಕಂಡೆನ್ಸರ್: ಒರಿಜಿನಲ್ಲೋ ಲೋಕಲ್ಲೋ?

1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಇಟ್ಟುಕೊಂಡವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾಯಿಂಟ್ ಸೆಟ್ (ಕಿಡಿ ಹುಟ್ಟಿಸಲು ಕರೆಂಟ್ ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್) ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, "ಒರಿಜಿನಲ್ ಕೊಡ್ಲಾ, ಲೋಕಲ್ ಸಾಕಾ ಸಾರ್?" ಉತ್ತರ ಈಗಲೇ ಹೇಳಿಬಿಡುತ್ತೇನೆ. ಕಂಡೆನ್ಸರ್ (ಪಾಯಿಂಟ್ ತೆರೆದಾಗಿನ ಏಟು ಹೀರುವ ಡಬ್ಬಿ) ಮತ್ತು ರೋಟರ್ (ತಿರುಗುತ್ತ ಪ್ಲಗ್ಗುಗಳಿಗೆ ಕಿಡಿ ಹಂಚುವ ತುಂಡು) ಒರಿಜಿನಲ್ಲೇ ಆಗಬೇಕು, ಪಾಯಿಂಟ್ ಆದಷ್ಟೂ ಒರಿಜಿನಲ್, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಲ್ಲಿ ಒರಿಜಿನಲ್ ಅಂದರೆ ಲೂಕಾಸ್-ಟಿವಿಎಸ್ ಮಾಲು. ಲೋಕಲ್ ಅಂದರೆ ಹೆಸರಿಲ್ಲದ ಡಬ್ಬಿಯಲ್ಲೋ ಬರೀ ಪ್ಲಾಸ್ಟಿಕ್ ಕವರಿನಲ್ಲೋ ಬರುವುದು.

ಹೆಚ್ಚು ಕಾಡುವುದು ಕಂಡೆನ್ಸರ್. ಹೆಬ್ಬೆರಳಿನ ತುದಿಯಷ್ಟಿರುವ ಈ ಡಬ್ಬಿಯ ಬೆಲೆ ನೋಡಿ ಯಾರೂ ಇದರ ಮೇಲೆ ಅನುಮಾನ ಪಡುವುದಿಲ್ಲ. ಲೋಕಲ್ ಹಾಕಿದ ದಿನ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಚೆನ್ನಾಗಿರುತ್ತದೆ. ಬೆಂಗಳೂರು ಬಿಟ್ಟು ನೆಲಮಂಗಲ ದಾಟುವಷ್ಟರಲ್ಲಿ ಮಿಸ್ಸಿಂಗ್ ಶುರು, ಆಮೇಲೆ ಎರಡು ಸಲ ಜಗ್ಗಿ ಆಫ್. ಬೋನೆಟ್ ಎತ್ತಿದವರೆಲ್ಲ ಪೆಟ್ರೋಲ್ ಪಂಪಿನತ್ತ ಕೈ ತೋರಿಸುತ್ತಾರೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕಾದರೆ ಗಾಡಿ ಹೊರಡುತ್ತದೆ. ಆ ಅರ್ಧ ಗಂಟೆಯಲ್ಲಿ ತಣ್ಣಗಾದದ್ದು ಪಂಪ್ ಒಂದೇ ಅಲ್ಲ, ಕಂಡೆನ್ಸರ್ ಕೂಡ. ಹೆಸರು ಮಾತ್ರ ಒದ್ದೆ ಬಟ್ಟೆಗೆ.

ಒಳಗೆ ನಡೆಯುವುದಿಷ್ಟು. ಪಾಯಿಂಟ್ ತೆರೆದಾಗಲೆಲ್ಲ ಪ್ಲಗ್ಗಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಇನ್ನೂರು, ಮುನ್ನೂರು ವೋಲ್ಟ್ ಏಳುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಪಾಯಿಂಟ್ ತೆರೆಯುವುದು ನಿಮಿಷಕ್ಕೆ 6000 ಸಲ. ಆ ಏಟನ್ನು ಕಂಡೆನ್ಸರ್ ಹೀರಿಕೊಳ್ಳದಿದ್ದರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪಾಯಿಂಟ್ ನಡುವೆಯೇ ಹಾರುತ್ತದೆ. ಲೋಕಲ್ ಮಾಲಿನಲ್ಲಿ ಒಳಗಿನ ಜೋಡಣೆ ಸಡಿಲ, ಇನ್ಸುಲೇಶನ್ ತೆಳು. ಬಿಸಿಯಾದರೆ ಲೀಕ್. ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ತಣ್ಣಗಿರುವಾಗ ಅಳೆದರೆ 0.2 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಿ ಎಲ್ಲ ಸರಿ ಅನ್ನಿಸುತ್ತದೆ. ಮೀಟರಿನ ಪುಟ್ಟ ಬ್ಯಾಟರಿಗೆ ಮುನ್ನೂರು ವೋಲ್ಟಿನ ಏಟು ಕೊಡಲು ಬರುವುದಿಲ್ಲವಲ್ಲ.

ಪತ್ತೆ ಮಾಡಲು ಗಾಡಿ ನಿಂತ ಕೂಡಲೇ, ಬಿಸಿ ಇರುವಾಗಲೇ ಡಿಸ್ಟ್ರಿಬ್ಯೂಟರಿನ (ಪಾಯಿಂಟ್, ರೋಟರ್ ಎಲ್ಲ ಕೂತಿರುವ ಡಬ್ಬ) ಕ್ಯಾಪ್ ಮತ್ತು ರೋಟರ್ ತೆಗೆಯಿರಿ. ಪಾಯಿಂಟ್ ಕೂಡಿರುವಂತೆ ಎಂಜಿನ್ ತಿರುಗಿಸಿ ಇಗ್ನಿಶನ್ ಆನ್ ಮಾಡಿ, ಮರದ ಕಡ್ಡಿಯಿಂದ ಪಾಯಿಂಟ್ ಬಿಡಿಸಿ ನೋಡಿ. ದಪ್ಪನೆಯ ಹಳದಿ ಕಿಡಿ ಚಟಚಟ ಹಾರಿದರೆ ಕಂಡೆನ್ಸರ್ ಹೋಗಿದೆ. ಊರು ತಲುಪಲು ಒಂದು ಉಪಾಯವಿದೆ. ಕೆಟ್ಟ ಕಂಡೆನ್ಸರಿನ ವೈರ್ ಬಿಚ್ಚಿ, ಬೇರೊಂದನ್ನು ಡಿಸ್ಟ್ರಿಬ್ಯೂಟರಿನ ಹೊರಗೇ ಕಟ್ಟಿ: ವೈರ್ ಅನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿಗೆ, ಡಬ್ಬಿಯನ್ನು ಬಾಡಿಗೆ ಅರ್ಥ್ ಆಗುವಂತೆ ಸ್ಕ್ರೂಗೆ. ಹೊಸದು ಹಾಕಿದಾಗ ಬಿಚ್ಚಿದ, ಇನ್ನೂ ಚೆನ್ನಾಗಿರುವ ಹಳೇ ಒರಿಜಿನಲ್ ಡ್ಯಾಶ್‌ಬೋರ್ಡಿನಲ್ಲಿ ಬಿದ್ದಿರಲಿ, ಹೊಸ ಲೋಕಲ್ಲಿಗಿಂತ ವಾಸಿ.

"ಹಳೇ ಸ್ಟಾಕ್ ಸಾರ್, ಆಗಿನ ಕಾಲದ ಮಾಲು" ಎಂದು ಧೂಳು ಹಿಡಿದ ಡಬ್ಬಿ ತೆಗೆದರೆ ಪಾಯಿಂಟಿಗೆ ಪರವಾಗಿಲ್ಲ, ಕಂಡೆನ್ಸರಿಗೆ ಬೇಡ. ಇಪ್ಪತ್ತು ವರ್ಷ ಶೆಲ್ಫಿನಲ್ಲಿ ಕೂತರೂ ಅದಕ್ಕೆ ವಯಸ್ಸಾಗುತ್ತದೆ, ತೇವ ಸೇರುತ್ತದೆ.

ರೋಟರಿನದೂ ಇದೇ ಜಾತಿಯ ಕಾಟ. ಲೋಕಲ್ ರೋಟರಿನಲ್ಲಿ ಹಿತ್ತಾಳೆ ಪಟ್ಟಿ ಹಿಡಿದ ರಿವಿಟ್ ಕೆಳಗಿನ ಶಾಫ್ಟಿಗೆ ತೀರಾ ಹತ್ತಿರ ಬಂದಿರುತ್ತದೆ, ಕಿಡಿ ಪ್ಲಾಸ್ಟಿಕ್ ಕೊರೆದು ಅರ್ಥ್ ಆಗುತ್ತದೆ. ಕಾಯಿಲ್ಲಿನ ದಪ್ಪ ವೈರನ್ನು ಇನ್ಸುಲೇಟೆಡ್ ಪ್ಲೈಯರಿನಲ್ಲಿ ಹಿಡಿದು ರೋಟರಿನ ಪಟ್ಟಿಗೆ 3 ಮಿ.ಮೀ. ದೂರದಲ್ಲಿಟ್ಟು ಪಾಯಿಂಟ್ ಬಿಡಿಸಿ. ಜೋರಾಗಿ ಕಿಡಿ ಹಾರಿತೋ, ರೋಟರ್ ತೂತು.

ಪಾಯಿಂಟಿನಲ್ಲಿ ನೋಡಬೇಕಾದದ್ದು ಕ್ಯಾಮ್‌ಗೆ (ಪಾಯಿಂಟ್ ತೆರೆಸುವ ಉಬ್ಬುಗಳ ಶಾಫ್ಟ್) ಉಜ್ಜುವ ಹಿಮ್ಮಡಿ. ಲೋಕಲ್ ಸೆಟ್ಟಿನಲ್ಲಿ ಅದು ಮೆತ್ತಗೆ, ಬೇಗ ಸವೆಯುತ್ತದೆ. 14ರಿಂದ 16 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ; ಒಟ್ಟು 0.35–0.40 ಮಿ.ಮೀ.) ಇಟ್ಟ ಗ್ಯಾಪ್ ಕೆಲವು ನೂರು ಕಿಲೋಮೀಟರಿನಲ್ಲೇ ಮುಚ್ಚಿಕೊಂಡು ಟೈಮಿಂಗ್ ಹಿಂದಕ್ಕೆ ಸರಿದು ಪಿಕಪ್ ಸಾಯುತ್ತದೆ. ಕೈಯಲ್ಲಿ ಗ್ಯಾಪ್ ಅಳೆಯುವ ಫೀಲರ್ ಗೇಜ್ ಇದ್ದು, ತಿಂಗಳಿಗೊಮ್ಮೆ ಕ್ಯಾಪ್ ಬಿಚ್ಚುವ ಚಪಲ ಇದ್ದವರಿಗೆ ಲೋಕಲ್ಲೂ ನಡೆಯುತ್ತದೆ. ಯಾವುದೇ ಹಾಕಿದರೂ ಹೊಸ ಪಾಯಿಂಟಿಗೆ ಸವರಿರುವ ಎಣ್ಣೆಯನ್ನು ಪೆಟ್ರೋಲಿನಲ್ಲಿ ಒರೆಸಿ, ಕ್ಯಾಮ್‌ಗೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ. ಕಂಡೆನ್ಸರ್ ವೈರ್ ಮತ್ತು ಕಾಯಿಲ್ ವೈರ್ ಎರಡೂ ಸ್ಪ್ರಿಂಗಿಗೆ ತಾಗಬೇಕು, ನಡುವಿನ ಕಂಬಕ್ಕೆ ತಾಗಬಾರದು. ಇವನ್ನು ಕಂಬದಿಂದ ಬೇರೆ ಇಡುವ ಪ್ಲಾಸ್ಟಿಕ್ ಬುಶ್ ತಲೆಕೆಳಗಾಗಿ ಕೂತರೆ ಒಂದು ಕಿಡಿಯೂ ಬರುವುದಿಲ್ಲ.

ಪ್ಲಗ್ ಯಾವ ಒಳ್ಳೆಯ ಕಂಪನಿಯದಾದರೂ ಸರಿ, ಹೀಟ್ ರೇಂಜ್ (ಪ್ಲಗ್ ಬಿಸಿ ಬಿಡುವ ಮಟ್ಟ) ಎಂಜಿನ್ನಿಗೆ ಹೊಂದಿದರೆ ಸಾಕು, ಗ್ಯಾಪ್ 25 ಥೌ. ವೈರ್ ಲೋಕಲ್ ಹಾಕಬಹುದು, ಆದರೆ ಒಳಗೆ ಸ್ಕ್ರೂ ಚುಚ್ಚಿ ಹಿಡಿಯುವ ಕ್ಯಾಪ್ ಇದ್ದರೆ ತಾಮ್ರದ ಎಳೆಯದೇ ಬೇಕು, ಕಾರ್ಬನ್ ಎಳೆ ಅಲ್ಲಿ ನಿಲ್ಲುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ ಕಂಡೆನ್ಸರ್, ರೋಟರ್, ಪಾಯಿಂಟ್ ಮೂರೂ ಸೇರಿ ಒರಿಜಿನಲ್ಲಿಗೂ ಲೋಕಲ್ಲಿಗೂ ಇರುವ ವ್ಯತ್ಯಾಸ ಒಂದು ಸಲ ಟ್ಯಾಂಕ್ ತುಂಬಿಸುವಷ್ಟೂ ಇಲ್ಲ. ಕಿಸೆ ತೀರಾ ಬಿಗಿಯಾದರೆ ಪಾಯಿಂಟ್ ಮಾತ್ರ ಲೋಕಲ್ ತಗೊಳ್ಳಿ. ಒರಿಜಿನಲ್ ಹೆಸರಿನ ಡಬ್ಬಿಯಲ್ಲೂ ನಕಲಿ ಬರುವುದರಿಂದ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ: ಪಾಯಿಂಟ್ ಮುಖಗಳು ಒಂದಕ್ಕೊಂದು ನೇರವಾಗಿ ಕೂರಬೇಕು, ಕಂಡೆನ್ಸರಿನ ವೈರ್ ಮೆಲ್ಲಗೆ ಎಳೆದರೆ ಅಲುಗಾಡಬಾರದು, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇರಬೇಕು.