ತೂಕ ಇಳಿಸಲು ಊಟ ಬಿಟ್ಟವರು, ಈಗ ಮತ್ತೆ ಉಣ್ಣಲು ಶುರು ಮಾಡಿದವರು ದಯವಿಟ್ಟು ಓದಿ

ಮದುವೆ ಸೀಸನ್ ಹತ್ತಿರ ಬಂತು. ಕಲಬುರಗಿಯಲ್ಲಿ ನಮ್ಮ ಓಣಿಯ ಕಾಂಪೌಂಡ್ ಗೋಡೆಗಳ ಮೇಲೆ ಮತ್ತೆ ಅದೇ ಪೋಸ್ಟರ್: ಒಂದು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಸಿ. ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್ ಮೊಬೈಲಿನಲ್ಲಿ ಅದರ ಫೋಟೋ ತೋರಿಸಿ, "ಅಕ್ಕಾ, ಇದಕ್ಕ ಸೇರ್ಕೊಳ್ಲೇನ್ರಿ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ತೂಕ 68 ಕೆ.ಜಿ. ಎತ್ತರ ಐದಡಿ ಮೂರಿಂಚು. ಸ್ವಲ್ಪ ಜಾಸ್ತಿಯೇ, ಒಪ್ಪುತ್ತೇನೆ. ಆದರೆ ಆರೋಗ್ಯ ಚೆನ್ನಾಗಿತ್ತು. ನೋಡಲು ಬಂದ ಮೂರು ಕಡೆಯವರೂ ಒಂದೇ ಮಾತು ಹೇಳಿ ಕಳಿಸಿದರು: "ಹುಡುಗಿ ಛಲೋ ಆದಾಳ, ಆದ್ರ ಮೈ ದಪ್ಪ." ಮೂರನೇ ಸಲ ಅವ್ವ ಅಡುಗೆಮನೆಯಲ್ಲಿ ಕೂತು ಅತ್ತಳು. ಮರುದಿನವೇ ನಾನು ಊರಿನ ಒಂದು ವೇಟ್ ಲಾಸ್ ಸೆಂಟರಿಗೆ ಹೋಗಿ ಮೂರು ತಿಂಗಳ ಫೀಸು ಮುಂಗಡ ಕಟ್ಟಿದೆ. ದೀಪಾವಳಿ ಮುಗಿದ ವಾರ ಅದು.

ಅಲ್ಲಿ ತೂಕ ನೋಡಿದರು, ಸೊಂಟದ ಅಳತೆ ತೆಗೆದರು. ಅಷ್ಟೇ. ಬಿಪಿ ನೋಡಲಿಲ್ಲ. ರಕ್ತ ಪರೀಕ್ಷೆ ಕೇಳಲಿಲ್ಲ. ಮುಟ್ಟು ಸರಿಯಾಗಿ ಆಗುತ್ತದಾ ಅಂತ ಒಂದು ಮಾತು ಕೇಳಲಿಲ್ಲ. ಅವತ್ತೇ ನಾನು ಎದ್ದು ಬರಬೇಕಿತ್ತು. ಬೆಳಿಗ್ಗೆ ನೀರಿನಲ್ಲಿ ಕಲಸಿದ ಪುಡಿ, ಮಧ್ಯಾಹ್ನ ಒಂದು ಫುಲ್ಕಾ ಮತ್ತು ಅರ್ಧ ಬಟ್ಟಲು ಪಲ್ಯ, ಸಂಜೆ ಗ್ರೀನ್ ಟೀ, ರಾತ್ರಿ ಸೌತೆಕಾಯಿ ಇಲ್ಲವೇ ಟೊಮ್ಯಾಟೊ ಸೂಪ್. ಜೋಳದ ರೊಟ್ಟಿ ಬಂದ್, ಶೇಂಗಾ ಹಿಂಡಿ ಬಂದ್, ಬಾಳೆಹಣ್ಣು ಕೂಡ ಬಂದ್. ದಿನಾ ತಟ್ಟೆಯ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಹಸಿವು ತಡೆಯಲಾಗುತ್ತಿಲ್ಲ ಅಂದರೆ, "ಟಾಕ್ಸಿನ್ ಹೊರಗೆ ಹೋಗ್ತಿದೆ, ನೀರು ಕುಡೀರಿ" ಅನ್ನುತ್ತಿದ್ದರು.

ಆಮೇಲೆ ಆಹಾರ ತಜ್ಞೆಯೊಬ್ಬರು ಲೆಕ್ಕ ಹಾಕಿದಾಗ ಅದು ದಿನಕ್ಕೆ ಸುಮಾರು 700 ಕ್ಯಾಲೊರಿ ಅಂತ ಗೊತ್ತಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, 55 ಕೆ.ಜಿ. ತೂಕದ, ಹೆಚ್ಚು ಮೈಮುರಿದು ಕೆಲಸ ಮಾಡದ ಹೆಂಗಸಿಗೇ ದಿನಕ್ಕೆ ಸುಮಾರು 1660 ಕ್ಯಾಲೊರಿ ಬೇಕು. ನಾನು ದಿನಾ ಆರು ಪೀರಿಯಡ್ ನಿಂತು ಪಾಠ ಮಾಡುತ್ತಿದ್ದೆ. ಸಂಜೆ ನಮ್ಮ ಊರಿನ ‘ಅಪ್ಪನ ಕೆರೆ’ಗೆ ಹೋಗಿ ಒಂದು ಗಂಟೆ ನಡೆಯುತ್ತಿದ್ದೆ. ಸುಮ್ನೆ ಮಲಗಿದ್ದರೂ ಹೃದಯ, ಮಿದುಳು, ಯಕೃತ್ತು ನಡೆಯಲು ಬೇಕಾಗುವಷ್ಟು ಕೂಡ ನಾನು ಉಣ್ಣುತ್ತಿರಲಿಲ್ಲ.

ಆ ವರ್ಷದ ಎಳ್ಳ ಅಮವಾಸ್ಯೆ ನನಗೆ ಮರೆಯುವುದಿಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರೂ ಗಿಡದ ಕೆಳಗೆ ಉಣ್ಣಲು ಕೂತರು. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಸೌತೆಕಾಯಿ ತಿಂದೆ. "ಇವತ್ತೊಂದಿನ ಉಣ್ಣವಾ" ಅಂತ ದೊಡ್ಡವ್ವ ನನ್ನ ಮುಂದೆ ಎಲೆ ಇಟ್ಟಳು. ನಾನು ಎಲೆ ಹಿಂದಕ್ಕೆ ಸರಿಸಿದೆ. ಆವಾಗ ನನ್ನ ಮೇಲೆ ನನಗೆ ಹೆಮ್ಮೆ ಬಂತು. ಇದನ್ನು ಒತ್ತಿ ಹೇಳುತ್ತೇನೆ. ಕಾಯಿಲೆ ನನ್ನೊಳಗೆ ಬಂದದ್ದು ಹೆಮ್ಮೆಯ ರೂಪದಲ್ಲೇ. ನೋಡಿದವರೆಲ್ಲ "ಛಲೋ ಆದಿ" ಅನ್ನುತ್ತಿದ್ದರು.

ಫೆಬ್ರುವರಿಗೆ 54 ಕೆ.ಜಿ. ಆದೆ. ಚಾರ್ಟ್ ಪ್ರಕಾರ ಅದು ಸರಿಯಾದ ತೂಕ. ಸರಿಯಾದ ತೂಕದಲ್ಲಿದ್ದುಕೊಂಡೇ ಮೈ ಉಪವಾಸ ಬೀಳಬಹುದು ಅಂತ ನನಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಜನವರಿಯಿಂದ ಮುಟ್ಟು ನಿಂತಿತ್ತು. ಸೆಂಟರಿನವರು "ತೂಕ ಇಳಿಯುವಾಗ ಹಂಗೇ ಆಗುತ್ತೆ" ಅಂದರು. ತಲೆ ಬಾಚಿದರೆ ಕೂದಲು ಕೈತುಂಬ ಬರುತ್ತಿತ್ತು. ಊಟ ಕಡಿಮೆ ಆದ ಎರಡು ಮೂರು ತಿಂಗಳಿಗೆ ಹೀಗೆ ಉದುರುತ್ತದಂತೆ. ಹಾಗಾಗಿ ಕಾರಣ ಯಾವುದು ಅಂತ ನಮಗೆ ತಾಳೆಯೇ ಆಗುವುದಿಲ್ಲ. ನಾನು ಎಣ್ಣೆ ಬದಲಾಯಿಸಿದೆ, ಶಾಂಪೂ ಬದಲಾಯಿಸಿದೆ.

ಮಾರ್ಚ್ ಕೊನೆಯ ವಾರ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ವಾ. ಮಕ್ಕಳು ನೋಟ್‌ಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ನನ್ನ ತಲೆ ಮೇಲಿನ ಫ್ಯಾನ್ ಬಂದ್ ಮಾಡಿ, ಸೆರಗು ಹೊದ್ದು ಕೂತಿದ್ದೆ. ಪುಸ್ತಕ ತೋರಿಸಲು ಬಂದ ಮೂರನೇ ಕ್ಲಾಸಿನ ಹುಡುಗಿ ನನ್ನ ಬೆರಳು ಮುಟ್ಟಿ, "ಟೀಚರ್, ನಿಮ್ಮ ಕೈ ಯಾಕ್ರಿ ಇಷ್ಟು ತಣ್ಣಗ ಆದಾವ?" ಅಂದಳು. ಏಪ್ರಿಲ್ ಮೊದಲ ವಾರ, ಪರೀಕ್ಷೆ ನಡೆಯುವಾಗ, ಉತ್ತರ ಪತ್ರಿಕೆ ಹಂಚುತ್ತಾ ಬಿದ್ದೆ.

ಡಾಕ್ಟರ್ ನಾಡಿ ಹಿಡಿದರು. ನಿಮಿಷಕ್ಕೆ 46. ಇಸಿಜಿ ಮಾಡಿಸಿದರು. ಹಿಮೋಗ್ಲೋಬಿನ್ 9. ಪೊಟ್ಯಾಶಿಯಂ ಕಡಿಮೆ. ಆಮೇಲೆ ಅವ್ವನ ಎದುರೇ ಬಿಡಿಸಿ ಹೇಳಿದರು: ಬರುವ ಆದಾಯ ಅರ್ಧಕ್ಕಿಂತ ಕಡಿಮೆ ಆದಾಗ ಮೈ ತನ್ನ ಖರ್ಚು ಕಡಿತ ಮಾಡುತ್ತದೆ. ಎದೆಬಡಿತ ನಿಧಾನ ಮಾಡುತ್ತದೆ, ಮೈಬಿಸಿ ಇಳಿಸುತ್ತದೆ. ಗರ್ಭ ಧರಿಸುವ ಕೆಲಸ ಈಗ ಬೇಡ ಅಂತ ಮಿದುಳೇ ಅಂಡಾಶಯಕ್ಕೆ ಸೂಚನೆ ಕೊಡುವುದನ್ನು ನಿಲ್ಲಿಸುತ್ತದೆ. ಮಾತ್ರೆ ಕೊಟ್ಟು ಮುಟ್ಟು ತರಿಸಬಹುದು, ಆದರೆ ಅದರಿಂದ ಮೂಲ ಸರಿಹೋಗುವುದಿಲ್ಲ. ಹೀಗೇ ತಿಂಗಳುಗಟ್ಟಲೆ ಬಿಟ್ಟರೆ ಮೂಳೆ ಸವೆಯುತ್ತದೆ. ಬೇಗ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯವೂ ಜಾಸ್ತಿ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಬರಹ ಅರ್ಧವೇ ಆಗುತ್ತದೆ. ಕಡಿಮೆ ಉಣ್ಣಬೇಡಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮತ್ತೆ ಉಣ್ಣಲು ಶುರು ಮಾಡಿದ ಮೇಲೆ ಏನಾಗುತ್ತದೆ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾನು ಮತ್ತೆ ಹಳ್ಳಕ್ಕೆ ಬೀಳುತ್ತಿದ್ದದ್ದು ಅಲ್ಲೇ.

ಆಹಾರ ತಜ್ಞೆ ಮೊದಲ ವಾರ ಸ್ವಲ್ಪ ಸ್ವಲ್ಪವೇ ಕೊಟ್ಟರು, ಆಮೇಲೆ ಏರಿಸುತ್ತಾ ಹೋದರು. ನಡುನಡುವೆ ರಕ್ತ ಪರೀಕ್ಷೆ ಆಯಿತು. ಬಹಳ ದಿನ ಏನೂ ಉಣ್ಣದವರು ಒಮ್ಮೆಲೇ ಹೊಟ್ಟೆತುಂಬ ಉಂಡರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಶಿಯಂ ಕುಸಿದು ಹೃದಯಕ್ಕೇ ಪೆಟ್ಟು ಬೀಳಬಹುದು. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಸೆರೆಯಾಳುಗಳು ಹಾಗೆ ಸತ್ತದ್ದೂ ಇದೆ. ಆದ್ದರಿಂದ ತೀರಾ ಸೊರಗಿದವರು, ವಾರಗಟ್ಟಲೆ ಬರೀ ಜ್ಯೂಸ್ ಮೇಲೆ ಇದ್ದವರು ಮನೆಯಲ್ಲೇ ಶುರು ಮಾಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ.

ಎರಡನೇ ವಾರಕ್ಕೆ ಹಸಿವು ಬಂತು. ಅಂಥ ಹಸಿವು ನಾನು ಕಂಡೇ ಇರಲಿಲ್ಲ. ಉಂಡು ಕೈ ತೊಳೆಯುವಾಗಲೇ ಮತ್ತೆ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು, ಲೈಟು ಹಾಕದೆ, ಬುಟ್ಟಿಯಿಂದ ಕಡಕ್ ರೊಟ್ಟಿ ತೆಗೆದು ತಿನ್ನುತ್ತಿದ್ದೆ. ಮುರಿದರೆ ಸಪ್ಪಳ ಆಗುತ್ತದೆ ಅಂತ ಸೆರಗಿನೊಳಗೆ ಇಟ್ಟು ಮುರಿಯುತ್ತಿದ್ದೆ. ಮೂರನೇ ದಿನ ನೋಡಿದರೆ ಕಟ್ಟೆ ಮೇಲೆ ತಟ್ಟೆ ಮುಚ್ಚಿಟ್ಟಿತ್ತು. ಒಳಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿದ ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ಅವ್ವ ಅದರ ಬಗ್ಗೆ ಏನೂ ಕೇಳಲಿಲ್ಲ. ಎರಡು ತಿಂಗಳು ದಿನಾ ಇಟ್ಟಳು.

ಮೂರನೇ ವಾರ ಕಾಲು ಬಾತವು. ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿಯುತ್ತಿತ್ತು. ಮುಖ ಉಬ್ಬಿತು. ತೂಕ 54ರಿಂದ 59ಕ್ಕೆ ಹೋಯಿತು. ಅದೇ ಹೊತ್ತಿಗೆ ಸೆಂಟರಿನಿಂದ ಫೋನ್: "ನೋಡ್ರಿ, ಬಿಟ್ಟ ಕೂಡ್ಲೇ ವಾಪಸ್ ಬಂತು. ನಿಮಗ ಕಂಟ್ರೋಲ್ ಇಲ್ಲ." ನಾನು ಅವರ ಮಾತು ನಂಬಿದೆ. ಮರುದಿನ ಮಧ್ಯಾಹ್ನ ಊಟ ಬಿಟ್ಟೆ. ಮತ್ತೆ ಹಣ ಕಟ್ಟಲು ಪರ್ಸ್ ತೆಗೆದಿಟ್ಟುಕೊಂಡಿದ್ದೆ.

ಅವತ್ತು ಸಂಜೆ ಆಹಾರ ತಜ್ಞೆಯ ಹತ್ತಿರ ಹೋಗುವುದಿತ್ತು. ಅದೇ ನನ್ನ ಪುಣ್ಯ. ಐದು ಕೆ.ಜಿ.ಯಲ್ಲಿ ಬಹಳಷ್ಟು ನೀರು ಅಂದರು ಅವರು. ಖಾಲಿಯಾದ ಯಕೃತ್ತು, ಸ್ನಾಯು ಮತ್ತೆ ಸಕ್ಕರೆ ಅಂಶ ತುಂಬಿಕೊಳ್ಳುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಜೊತೆಗೆ ಕೆಲವು ವಾರ ಮೈಯಲ್ಲಿ ಉಪ್ಪಿನಂಶವೂ ನಿಲ್ಲುತ್ತದೆ. ಆದರೂ ಬಾವು ಬಂದರೆ ಕಿಡ್ನಿ, ಹೃದಯ ಒಮ್ಮೆ ನೋಡಲೇಬೇಕು ಅಂತ ನನ್ನದನ್ನೂ ಪರೀಕ್ಷೆ ಮಾಡಿಸಿದರು.

ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆಯೂ ಹೇಳಿದರು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟಾದ ಗಂಡಸರಿಗೆ 24 ವಾರ ದಿನಕ್ಕೆ ಸರಾಸರಿ 1570 ಕ್ಯಾಲೊರಿಯಷ್ಟೇ ಕೊಟ್ಟರು. ಅವರು ಚಳಿಯಿಂದ ನಡುಗಿದರು, ಸಿಡುಕರಾದರು. ದಿನವಿಡೀ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಹಿಡಿದು ಕೂತರು. ಮತ್ತೆ ಊಟ ಕೊಟ್ಟ ಮೇಲೂ ಎಷ್ಟೋ ಜನರ ಹಸಿವು ತಿಂಗಳುಗಟ್ಟಲೆ ಇಂಗಲಿಲ್ಲ. ಇದನ್ನು ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಯಾಕೆಂದರೆ ಫೆಬ್ರುವರಿಯಿಂದ ದಿನಾ ರಾತ್ರಿ ಹೊದಿಕೆಯೊಳಗೆ ಮೊಬೈಲ್ ಹಿಡಿದು ಹೋಳಿಗೆ, ಮಾಲ್ಪುರಿ ಮಾಡುವ ವಿಡಿಯೋ ನೋಡುತ್ತಿದ್ದೆ. ನನಗೆ ಹುಚ್ಚು ಹಿಡಿದಿದೆ ಅಂತ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆ. ಅದು ಹಸಿದ ಮಿದುಳು ಮಾಡುವ ಕೆಲಸ ಅಂತ ಆವತ್ತು ಗೊತ್ತಾಯಿತು.

ಸೆಂಟರಿನ ನಂಬರ್ ಬ್ಲಾಕ್ ಮಾಡಿದೆ. ತಕ್ಕಡಿಯನ್ನು ಅಣ್ಣನ ಮನೆಗೆ ಕಳಿಸಿದೆ. ಬಾವು ಇಳಿಯಲು ಆರು ವಾರ ಬೇಕಾಯಿತು. ಜೂನ್‌ಗೆ ಕೈಕಾಲು ಬೆಚ್ಚಗಾದವು. ಆಗಸ್ಟಿನಲ್ಲಿ ಹಣೆಯ ಅಂಚಿಗೆ ಸಣ್ಣ ಸಣ್ಣ ಹೊಸ ಕೂದಲು ಕಂಡವು. ಮುಟ್ಟು ಬಂದದ್ದು ನವೆಂಬರಿನಲ್ಲಿ, ಹತ್ತು ತಿಂಗಳ ಮೇಲೆ. ಈಗ 64 ಕೆ.ಜಿ. ಇದ್ದೇನೆ. ಮೂರು ಹೊತ್ತು ಉಣ್ಣುತ್ತೇನೆ, ಎರಡು ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಮೊಸರು. ಹೋಳಿಗೆ ಕಂಡರೆ ಒಮ್ಮೊಮ್ಮೆ ಈಗಲೂ ಎದೆ ಝಲ್ ಅನ್ನುತ್ತದೆ. ಆ ಭಯಕ್ಕಾಗಿ ಕೆಲವು ತಿಂಗಳು ಆಪ್ತ ಸಲಹೆ ತೆಗೆದುಕೊಂಡೆ. ಉಣ್ಣಲು ಹೆದರಿಕೆ ಬರುತ್ತಿದ್ದರೆ, ಯಾರ ಹತ್ತಿರ ಹೇಳಬೇಕು ಅಂತ ತಿಳಿಯದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತೂಕ ಇಳಿಸಲೇಬೇಕಾದವರು ಇದ್ದಾರೆ, ಶುಗರ್ ಇರುವವರು, ಮೊಣಕಾಲು ನೋವಿನವರು. ಅವರು ಡಾಕ್ಟರಿಗೆ ತೋರಿಸಿಕೊಂಡು ನಿಧಾನಕ್ಕೆ ಇಳಿಸಲಿ. ರಕ್ತ ಪರೀಕ್ಷೆ ಕೇಳದವರು, ಮುಟ್ಟು ನಿಂತರೂ ಒಳ್ಳೆಯದೇ ಅನ್ನುವವರು, ಡಾಕ್ಟರ್ ಹತ್ತಿರ ಹೋಗಬೇಡಿ ಅನ್ನುವವರು, ಇವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ನೀವು ಆ ಎರಡನೇ, ಮೂರನೇ ವಾರದಲ್ಲಿ ಇದ್ದೀರಾ? ಕಾಲು ಬಾತು, ತೂಕ ಏರಿ, ಎಲ್ಲ ಹಾಳಾಯಿತು ಅನ್ನಿಸುತ್ತಿದೆಯಾ? ನಾಳೆ ಹೋಗಿ ಡಾಕ್ಟರಿಗೆ ಕಾಲು ತೋರಿಸಿ. ಆದರೆ ಇವತ್ತು ರಾತ್ರಿಯ ಊಟ ಬಿಡಬೇಡಿ.