ಬಿಡದ ಕೇಸು: ‘ದಿ ಪ್ಲೆಡ್ಜ್’ ಮತ್ತು ಅದರ ಜೊತೆಗೆ ನೋಡಿದ ಮೂರು ಸಿನಿಮಾ

ಗಂಗಾವತಿಯಲ್ಲಿರುವ ನಮ್ಮ ಮಾಮ ಪೊಲೀಸ್ ಇಲಾಖೆಯಲ್ಲಿ ಎಎಸ್ಐ ಆಗಿ ರಿಟೈರ್ ಆದವರು. ಈ ಬೇಸಿಗೆಯಲ್ಲಿ ಅವರ ಮನೆಯಲ್ಲಿ ನಾಲ್ಕು ರಾತ್ರಿ ನಾಲ್ಕು ಸಿನಿಮಾ ನೋಡಿದೆವು. ಲ್ಯಾಪ್‌ಟಾಪ್‌ನಿಂದ ಟಿವಿಗೆ ಒಂದು ವೈರು, ಪಕ್ಕದಲ್ಲಿ ಕೂಲರ್, ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ. ಮಾಮನಿಗೆ ಸಬ್‌ಟೈಟಲ್ ಓದಲು ಕಷ್ಟ. ಹಾಗಾಗಿ ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ನಾಲ್ಕೂ ಒಂದೇ ಥರದವು. ತನ್ನ ಕೈಗೆ ಬಂದ ಕೇಸನ್ನು ಬಿಡಲಾಗದ ಪೊಲೀಸರ ಕತೆಗಳು. ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳದೆ ಇವನ್ನು ಹೋಲಿಸಲು ಆಗುವುದಿಲ್ಲ. ನೋಡದೇ ಇರುವವರು ಮೊದಲು ನೋಡಿ ಬಂದು ಓದಿ.

ಮೊದಲ ಎರಡರ ಕತೆ ಒಂದೇ. ಸ್ವಿಸ್ ಲೇಖಕ ಫ್ರೀಡ್ರಿಕ್ ಡ್ಯುರೆನ್‌ಮಾಟ್ 1958ರ ಒಂದು ಜರ್ಮನ್ ಭಾಷೆಯ ಸಿನಿಮಾಗೆ ಚಿತ್ರಕಥೆ ಬರೆದರು. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ತಂದೆ ತಾಯಿಯರನ್ನು ಎಚ್ಚರಿಸಲು ಮಾಡಿದ ಸಿನಿಮಾ ಅದು. ಹೆಸರು ‘ಎಸ್ ಗೆಶಾ ಆಮ್ ಹೆಲ್ಲಿಷ್ಟೆನ್ ಟಾಗ್’, ಅಂದರೆ ‘ಹಾಡಹಗಲೇ ನಡೆದದ್ದು’. ಅದರ ಮುಕ್ತಾಯ ಅವರಿಗೇ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅದನ್ನೇ ಕಾದಂಬರಿಯಾಗಿ ಬರೆದು ಕೊನೆಯನ್ನು ಬದಲಿಸಿದರು. ಆ ಕಾದಂಬರಿಯಿಂದ 2001ರಲ್ಲಿ ಶಾನ್ ಪೆನ್ ‘ದಿ ಪ್ಲೆಡ್ಜ್’ ಮಾಡಿದರು. ನಾಯಕ, ಅಂದರೆ ಡಿಟೆಕ್ಟಿವ್ ಜೆರ್ರಿ, ಜ್ಯಾಕ್ ನಿಕೋಲ್ಸನ್.

ಕತೆ ಇಷ್ಟು. ಕೆಲಸ ಬಿಟ್ಟು ಹೊರಡಬೇಕಾದ ಹೊತ್ತಲ್ಲೇ ಡಿಟೆಕ್ಟಿವ್‌ನ ಮುಂದೆ ಒಂದು ಪುಟ್ಟ ಹುಡುಗಿಯ ಕೊಲೆ ಬರುತ್ತದೆ. ಕೊಲೆಗಾರನನ್ನು ಹಿಡಿದೇ ಹಿಡಿಯುತ್ತೇನೆ ಎಂದು ಆಕೆಯ ತಾಯಿಗೆ ಮಾತು ಕೊಡುತ್ತಾನೆ. ಪೊಲೀಸರು ಯಾರನ್ನೋ ಹಿಡಿಯುತ್ತಾರೆ, ಅವನು ಸಾಯುತ್ತಾನೆ, ಕೇಸ್ ಮುಚ್ಚಿಹೋಗುತ್ತದೆ. ಇವನಿಗೆ ಮಾತ್ರ ನಂಬಿಕೆ ಇಲ್ಲ. ಕೊಲೆಗಾರ ಓಡಾಡುವ ರಸ್ತೆಯಲ್ಲೇ ಪೆಟ್ರೋಲ್ ಬಂಕ್ ಹಿಡಿದು ಕೂರುತ್ತಾನೆ.

1958ರದ್ದು ಕಪ್ಪು ಬಿಳುಪು ಸಿನಿಮಾ, ಬಿಗಿಯಾಗಿದೆ. ಕೊಲೆಗಾರನ ಪಾತ್ರ ಮಾಡಿದ ಗೆರ್ಟ್ ಫ್ರೋಬೆ ಮುಂದೆ ಜೇಮ್ಸ್ ಬಾಂಡ್ ಸಿನಿಮಾ ‘ಗೋಲ್ಡ್‌ಫಿಂಗರ್’ನ ಖಳನಾಯಕನಾದವರು. ಇಲ್ಲಿ ನಾವು ಅವನ ಮುಖ ನೋಡುತ್ತೇವೆ, ಮನೆ ನೋಡುತ್ತೇವೆ, ಹೆಂಡತಿಯ ಮುಂದೆ ಅವನು ಕುಗ್ಗುವುದನ್ನೂ ನೋಡುತ್ತೇವೆ. ಕೊನೆಗೆ ಬಲೆಗೆ ಬೀಳುತ್ತಾನೆ. ಸಿನಿಮಾ ಮುಗಿದಾಗ ಮಾಮ ನೆಮ್ಮದಿಯಾಗಿ ಕಾಲು ಚಾಚಿದರು. “ಕೇಸ್ ಕ್ಲೋಸ್ ಆತು ನೋಡಪಾ” ಎಂದರು.

‘ದಿ ಪ್ಲೆಡ್ಜ್’ ಮುಗಿದಾಗ ಅವರು ಏನೂ ಹೇಳಲಿಲ್ಲ.

ಈ ಸಿನಿಮಾದ ಒಂದು ದೃಶ್ಯವನ್ನು ಎರಡು ಸಲ ನೋಡಿದೆವು. ಹುಡುಗಿಯ ಅಪ್ಪ ಅಮ್ಮ ಟರ್ಕಿ ಕೋಳಿ ಸಾಕುವವರು. ಸುದ್ದಿ ಮುಟ್ಟಿಸುವ ಕೆಲಸ ಜೆರ್ರಿಯ ಪಾಲಿಗೆ ಬರುತ್ತದೆ. ದೊಡ್ಡ ಶೆಡ್ಡಿನ ತುಂಬಾ ಬಿಳಿ ಕೋಳಿಗಳು, ಕಾಲಿಡಲು ಜಾಗವಿಲ್ಲ. ಅವುಗಳ ನಡುವೆ ದಾರಿ ಮಾಡಿಕೊಳ್ಳುತ್ತಾ ನಡೆದು ಹೋಗುತ್ತಾನೆ. ಕ್ಯಾಮೆರಾ ದೂರದಲ್ಲೇ ನಿಲ್ಲುತ್ತದೆ. ಅವನು ಏನು ಹೇಳಿದ ಎಂದು ನಮಗೆ ಕೇಳಿಸುವುದಿಲ್ಲ. ಆ ಗಂಡ ಹೆಂಡತಿ ಕುಸಿಯುವುದು ಮಾತ್ರ ಕಾಣುತ್ತದೆ. ಮಾಮ ರಿಮೋಟ್ ಕೈಲಿ ಹಿಡಿದುಕೊಂಡೇ ಹೇಳಿದರು, “ನಾನೂ ಹಿಂಗ ಹೋಗಿ ಹೇಳೇನಿ. ಏನು ಹೇಳಿದೆ ಅನ್ನೋದು ನೆನಪಿಲ್ಲ. ಅವರ ಮನಿ ಬಾಗಲಾ ನೆನಪೈತಿ.” ಆಮೇಲೆ ಆ ತಾಯಿ, ಮಗಳೇ ಮಾಡಿದ ಶಿಲುಬೆಯನ್ನು ಜೆರ್ರಿಯ ಮುಂದೆ ಹಿಡಿದು ಆಣೆ ಮಾಡಿಸುತ್ತಾಳೆ. ಸಿನಿಮಾದ ಹೆಸರಿನಲ್ಲಿರುವ ಮಾತು ಕೊಡುವುದು ಇದೇ.

ಹಳೆಯದಕ್ಕಿಂತ ಇದು ಹೆಚ್ಚು ನೋಯಿಸುವುದು ಯಾಕೆ? ನನ್ನ ಮಟ್ಟಿಗೆ ಉತ್ತರ ಬಂಕ್‌ನಲ್ಲಿದೆ. ಜೆರ್ರಿಯ ಜೊತೆ ಲೋರಿ ಎಂಬ ಹೆಂಗಸು ಮತ್ತು ಅವಳ ಮಗಳು ಕ್ರಿಸ್ಸಿ ಬಂದು ಸೇರುತ್ತಾರೆ. ಅವನು ಮಗುವಿಗೆ ಕತೆ ಓದಿ ಹೇಳುತ್ತಾನೆ, ನಿಜವಾಗಿ ಪ್ರೀತಿಸುತ್ತಾನೆ. ಅದೇ ಮನುಷ್ಯ ಜೋಕಾಲಿಯನ್ನು ರಸ್ತೆಗೆ ಕಾಣುವ ಹಾಗೆ ಹಾಕುತ್ತಾನೆ. ಮಗು ಕೆಂಪು ಬಟ್ಟೆ ಹಾಕಿದಾಗ ಸುಮ್ಮನಿರುತ್ತಾನೆ. ಕೊಲೆಗಾರನಿಗೆ ಕೆಂಪು ಬಟ್ಟೆಯ ಹುಡುಗಿಯರೇ ಬೇಕು ಎಂಬುದು ಅವನಿಗೆ ಗೊತ್ತಿದೆ. ನಿಕೋಲ್ಸನ್ ಮುಖದಲ್ಲಿ ಪ್ರೀತಿ, ಲೆಕ್ಕಾಚಾರ ಎರಡೂ ಒಟ್ಟಿಗೆ ಕಾಣುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಹೇಳಲು ಬರುವುದಿಲ್ಲ. ನಿಕೋಲ್ಸನ್ ಎಂದರೆ ಅಬ್ಬರ ಎಂದುಕೊಂಡವರು ಇದನ್ನು ನೋಡಲೇಬೇಕು.

ಕೊಲೆಗಾರನ ಮುಖವನ್ನು ಇದರಲ್ಲಿ ತೋರಿಸುವುದಿಲ್ಲ. ಜೆರ್ರಿ ಮತ್ತು ಪೊಲೀಸರು ಕಾದು ಕೂತಿದ್ದಾಗ ಅವನು ಬರುವ ದಾರಿಯಲ್ಲೇ ಕಾರು ಅಪಘಾತದಲ್ಲಿ ಸುಟ್ಟುಹೋಗುತ್ತದೆ. ನಮಗೆ ಗೊತ್ತು, ಜೆರ್ರಿಗೆ ಗೊತ್ತಿಲ್ಲ. ಅವನ ಲೆಕ್ಕ ಪೂರ್ತಿ ಸರಿ ಇತ್ತು. ಆದರೂ ಎಲ್ಲರ ಕಣ್ಣಿಗೆ ಅವನು ಹುಚ್ಚ. ಲೋರಿ ಮಗಳನ್ನು ಕರೆದುಕೊಂಡು ಹೋಗುತ್ತಾಳೆ. ಮುಚ್ಚಿದ ಬಂಕ್ ಮುಂದೆ ಕೂತು ಅವನು ಒಬ್ಬನೇ ಗೊಣಗುತ್ತಿರುತ್ತಾನೆ.

ಮೂರನೇ ರಾತ್ರಿ ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’. 2003ರಲ್ಲಿ ಬಾಂಗ್ ಜೂನ್-ಹೋ ಮಾಡಿದ್ದು, ಹ್ವಾಸಾಂಗ್ ಎಂಬಲ್ಲಿ 1986ರಿಂದ ನಡೆದ ನಿಜವಾದ ಸರಣಿ ಕೊಲೆಗಳ ಮೇಲೆ. ಶುರುವಲ್ಲೇ ಭತ್ತದ ಗದ್ದೆ, ಅದರ ಪಕ್ಕದ ಮೋರಿಯಲ್ಲಿ ಹೆಣ. ನಮ್ಮ ಕಡೆಯವರಿಗೆ ಆ ನೋಟ ಹೊಸದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟಾಗ ಗಂಗಾವತಿಯ ಸುತ್ತ ಕಣ್ಣು ಹಾಯಿಸಿದಷ್ಟೂ ಅದೇ ಭತ್ತದ ಗದ್ದೆ. ಇದರಲ್ಲಿ ನಗು ಇದೆ, ಪೊಲೀಸರ ಹೊಡೆತ ಇದೆ, ದಡ್ಡತನ ಇದೆ. ಶಂಕಿತರಿಗೆ ಹೊಡೆಯುವ ದೃಶ್ಯಗಳು ಬಂದಾಗ ಮಾಮ ಎದ್ದು ನೀರು ಕುಡಿಯಲು ಹೋದರು. ಕೊನೆಗೆ ಕೊಲೆಗಾರ ಯಾರೆಂದು ಡಿಟೆಕ್ಟಿವ್‌ಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ವರ್ಷಗಳ ಮೇಲೆ ಅದೇ ಮೋರಿಗೆ ಬಗ್ಗಿ ನೋಡುವ ಅವನಿಗೆ ಒಂದು ಹುಡುಗಿ ಹೇಳುತ್ತಾಳೆ, ಹಿಂದೆ ಇನ್ನೊಬ್ಬನೂ ಬಂದು ಹೀಗೇ ನೋಡಿದ್ದ ಅಂತ. ಹೇಗಿದ್ದ ಎಂದು ಕೇಳಿದರೆ, ಎಲ್ಲರ ಹಾಗೇ ಇದ್ದ ಎನ್ನುತ್ತಾಳೆ. ನಿಜ ಜೀವನದಲ್ಲಿ 2019ರಲ್ಲಿ ಡಿಎನ್ಎ ಮೂಲಕ ಆ ಮನುಷ್ಯ ಸಿಕ್ಕ. ಇನ್ನೊಂದು ಕೊಲೆಗೆ ಆಗಲೇ ಜೈಲಿನಲ್ಲಿದ್ದ.

ಸಿನಿಮಾವಾಗಿ ನಾಲ್ಕರಲ್ಲಿ ಇದೇ ದೊಡ್ಡದು ಎಂದು ಅನೇಕರು ಹೇಳುತ್ತಾರೆ. ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ನನ್ನ ಜೊತೆ ಉಳಿದದ್ದು ‘ದಿ ಪ್ಲೆಡ್ಜ್’. ಯಾರಿಗೂ ಗೊತ್ತಾಗದಿದ್ದರೆ ಒಂದು ಥರದ ನೋವು. ನಮಗೆ ಗೊತ್ತಿದ್ದು, ಅವನಿಗೆ ಹೇಳಲು ಆಗದೆ ಕೂತು ನೋಡುವುದು ಅದಕ್ಕಿಂತ ಜಾಸ್ತಿ ನೋವು.

ನಾಲ್ಕನೆಯದು ನಮ್ಮ ‘ಕವಲುದಾರಿ’. 2019, ಹೇಮಂತ್ ಎಂ. ರಾವ್ ನಿರ್ದೇಶನ. ರಿಷಿ ಟ್ರಾಫಿಕ್ ಪೊಲೀಸ್, ಅನಂತ್ ನಾಗ್ ರಿಟೈರ್ ಆದ ಇನ್‌ಸ್ಪೆಕ್ಟರ್ ಮುತ್ತಣ್ಣ. ಮೆಟ್ರೋ ಕೆಲಸಕ್ಕೆ ಅಗೆದಾಗ ಹಳೆಯ ಮೂಳೆಗಳು ಸಿಗುತ್ತವೆ. ಇಲ್ಲಿ ಮುದುಕನ ಹಠಕ್ಕೆ ಒಬ್ಬ ಹುಡುಗನ ಜೊತೆ ಸಿಗುತ್ತದೆ, ಹಾಗಾಗಿ ಜೆರ್ರಿಯ ಒಂಟಿತನ ಇಲ್ಲ. ಕೇಸ್ ಬಗೆಹರಿಯುತ್ತದೆ. ಮನೆಮಂದಿ ಜೊತೆ ನೋಡುವುದಾದರೆ ನಾಲ್ಕರಲ್ಲಿ ಇದನ್ನೇ ಆರಿಸಿ. ಮಾಮ ಒಂದು ಸಲವೂ ನಿಲ್ಲಿಸು ಎನ್ನಲಿಲ್ಲ, ಅತ್ತೆಯೂ ಬಂದು ಕೂತರು.

‘ದಿ ಪ್ಲೆಡ್ಜ್’ ಮಾತ್ರ ಮಕ್ಕಳು ಮಲಗಿದ ಮೇಲೆ ನೋಡಿ. 1958ರದ್ದನ್ನು ಮೊದಲು ನೋಡಿಕೊಂಡರೆ ಇನ್ನೂ ಒಳ್ಳೆಯದು. ಒಂದೇ ಬಲೆ, ಒಂದರಲ್ಲಿ ಮೀನು ಬಿತ್ತು, ಇನ್ನೊಂದರಲ್ಲಿ ಬೀಳಲಿಲ್ಲ. ಅಷ್ಟಕ್ಕೇ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋದ ಎಂದು ಆಗ ಕಾಣುತ್ತದೆ.

ಊರಿಗೆ ಹೊರಡುವ ಬೆಳಿಗ್ಗೆ ಚಾ ಕುಡಿಯುತ್ತಿದ್ದಾಗ ಮಾಮ ಮತ್ತೆ ಅದನ್ನೇ ಎತ್ತಿದರು. “ಆ ಸುಟ್ಟ ಕಾರಿನ ಕೇಸು ಯಾವುದಾದರೂ ಸ್ಟೇಷನ್‌ದಾಗ ಬರದೇ ಬರದಿರತಾರ. ಯಾವನಾದ್ರೂ ಒಬ್ಬ ಹಾಳಿ ತಿರುವಿ ನೋಡಿದ್ರ ಸಾಕಿತ್ತಲ್ಲ, ಅವಂಗ ಹೋಗಿ ಹೇಳಾಕ.”