ಕೇಪ್‌ಸೈಡ್, ಚಿಪ್ಪೆವಾ, ಡಿಲನ್: ಯಾವ ಊರಿನ ಮಕ್ಕಳನ್ನು ನಂಬಬಹುದು?

ಈ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಅಕ್ಕನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕದ ಮೂರು ಹಳೆಯ ಧಾರಾವಾಹಿಗಳನ್ನು ನೋಡಿದೆ. ಮೂರರಲ್ಲೂ ಕಾಲ್ಪನಿಕ ಊರು, ಹೈಸ್ಕೂಲು ಮಕ್ಕಳು. ನಾನು ಬೆಳೆದದ್ದು ತರೀಕೆರೆಯಲ್ಲಿ. ಬಸ್ ನಿಲ್ದಾಣದಲ್ಲಿ ಯಾರೊಡನೆ ನಿಂತಿದ್ದೆ ಎಂಬ ವರದಿ ನನಗಿಂತ ಮೊದಲೇ ಮನೆ ಸೇರುತ್ತಿತ್ತು. ಹಾಗಾಗಿ ನನ್ನ ಅಳತೆಗೋಲು ಸರಳ: ಊರಿಗೆ ಕಣ್ಣಿದೆಯೇ? ಮಕ್ಕಳಿಗೆ ಮಾತು ತಡವರಿಸುತ್ತದೆಯೇ?

'ಡಾಸನ್ಸ್ ಕ್ರೀಕ್' (1998–2003) ಎರಡರಲ್ಲೂ ಎಡವುತ್ತದೆ. ಕಥೆ ಮ್ಯಾಸಚೂಸೆಟ್ಸ್‌ನ ಕೇಪ್‌ಸೈಡ್‌ನದು, ಚಿತ್ರೀಕರಣ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ. ನೀರು, ದೋಣಿ, ಸಂಜೆಬಿಸಿಲು ಎಲ್ಲ ಚೆಂದ. ಆದರೆ ಹದಿನೈದರ ಹುಡುಗರು ಮನಶ್ಶಾಸ್ತ್ರದ ಅಧ್ಯಾಪಕರಂತೆ ತಮ್ಮ ಭಾವನೆಗಳನ್ನು ವಿಂಗಡಿಸಿ ಒಪ್ಪಿಸುತ್ತಾರೆ. 'ಇವರೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ' ಎಂದಳು ಹುಡುಗಿ. ಮೊದಲ ಕಂತು ಪ್ರಸಾರವಾದಾಗ ನಾಯಕ ಡಾಸನ್ ಆಗಿದ್ದ ಜೇಮ್ಸ್ ವ್ಯಾನ್ ಡರ್ ಬೀಕ್‌ಗೆ 20 ವರ್ಷ, ಅದೂ ಕಾಣುತ್ತದೆ. ಗೆಳತಿ ಜೋಯಿ ಏಣಿ ಹತ್ತಿ ಡಾಸನ್‌ನ ಕಿಟಕಿಯಿಂದ ಒಳಗೆ ಬರುತ್ತಾಳೆ, ಎದುರುಮನೆಯಲ್ಲಿ ಒಂದು ಪರದೆಯೂ ಅಲುಗುವುದಿಲ್ಲ! ಆದರೂ ಈ ಧಾರಾವಾಹಿಯ ನಿಜವೆಲ್ಲ ಇರುವುದು ಜೋಯಿಯಲ್ಲೇ. ತಾಯಿ ಇಲ್ಲ, ತಂದೆ ಜೈಲಿನಲ್ಲಿ, ಅಕ್ಕನ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸ. ತಟ್ಟೆ ಇಡುವ ಮೇಜಿಗೆಲ್ಲ ತನ್ನ ಮನೆಯ ಕಥೆ ಗೊತ್ತಿದೆ ಎಂಬ ಬಿಗುವು ಅವಳ ಭುಜದಲ್ಲಿದೆ.

'ಫ್ರೀಕ್ಸ್ ಅಂಡ್ ಗೀಕ್ಸ್' (1999–2000) ಬಗ್ಗೆ ಒಂದು ತಕರಾರು ಮೊದಲೇ ಹೇಳಿಬಿಡುತ್ತೇನೆ: ಚಿಪ್ಪೆವಾ ಸಣ್ಣ ಊರಲ್ಲ, ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನ ಉಪನಗರ. ಉಳಿದಂತೆ ಇದರ ಸಮಕ್ಕೆ ಯಾವುದೂ ಬರಲಿಲ್ಲ. ಕಥೆ ನಡೆಯುವುದು 1980–81ರ ಶಾಲಾ ವರ್ಷದಲ್ಲಿ; ಮಿಶಿಗನ್‌ನಲ್ಲೇ ಬೆಳೆದ ಪಾಲ್ ಫೀಗ್ ಇದನ್ನು ರೂಪಿಸಿದರು. ಸ್ಯಾಮ್ ಎಂಬ ಹುಡುಗನ ಪಾತ್ರ ಮಾಡಿದವನು ನಿಜಕ್ಕೂ ಪಾತ್ರದ ವಯಸ್ಸಿನವನೇ, ಗೆಳತಿಯರ ಭುಜದ ಎತ್ತರಕ್ಕಿದ್ದಾನೆ. ಒಂದು ಕಂತಿನಲ್ಲಿ ಸ್ಯಾಮ್‌ನ ಗೆಳೆಯ ನೀಲ್‌ಗೆ ಅಪ್ಪನ ಕಾರಿನಲ್ಲಿ ಗ್ಯಾರೇಜ್ ಬಾಗಿಲಿನ ರಿಮೋಟ್ ಸಿಗುತ್ತದೆ. ಅದು ತಮ್ಮ ಮನೆಯದಲ್ಲ. ಹುಡುಗ ಸೈಕಲ್ ಏರಿ ಬೀದಿಬೀದಿ ತಿರುಗುತ್ತ ಮನೆಮನೆಗೂ ರಿಮೋಟ್ ಒತ್ತುತ್ತಾನೆ. ಕೊನೆಗೊಂದು ಬಾಗಿಲು ಮೇಲೇಳುತ್ತದೆ, ಒಳಗೆ ಅಪ್ಪನ ಕಾರು. ಇನ್ನೊಂದು ಕಂತಿನಲ್ಲಿ ಮತ್ತೊಬ್ಬ ಗೆಳೆಯ ಬಿಲ್ ಖಾಲಿ ಮನೆಗೆ ಬಂದು, ತಾನೇ ಚೀಸ್ ಸ್ಯಾಂಡ್‌ವಿಚ್ ಬಿಸಿ ಮಾಡಿಕೊಂಡು, ಟಿವಿಯ ಹಾಸ್ಯಗಾರನನ್ನು ನೋಡಿ ಒಬ್ಬನೇ ಬಿದ್ದುಬಿದ್ದು ನಗುತ್ತಾನೆ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ನಮ್ಮ ಹುಡುಗಿ ಮೊಬೈಲ್ ಕೆಳಗಿಟ್ಟದ್ದು ಆಗಲೇ. ಇಂಥದ್ದಕ್ಕೆ ಸಿಕ್ಕ ಆಯಸ್ಸು ಹದಿನೆಂಟೇ ಕಂತು.

'ಫ್ರೈಡೇ ನೈಟ್ ಲೈಟ್ಸ್' (2006–2011) ಊರಿನ ವಿಷಯದಲ್ಲಿ ಎಲ್ಲರನ್ನೂ ಮೀರಿಸುತ್ತದೆ. ಟೆಕ್ಸಸ್‌ನ ಡಿಲನ್‌ನಲ್ಲಿ ಶುಕ್ರವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯವೇ ಜಾತ್ರೆ. ಕಾರು ಮಾರುವವನಿಂದ ರೇಡಿಯೊ ನಿರೂಪಕನವರೆಗೆ ಎಲ್ಲರಿಗೂ ಹದಿನಾರರ ಹುಡುಗನ ಆಟದ ಬಗ್ಗೆ ಅಭಿಪ್ರಾಯವಿದೆ. ಅದೇ ಹುಡುಗ ಮ್ಯಾಟ್ ಸರಾಸನ್ ಹೋಟೆಲಿನಲ್ಲಿ ಬರ್ಗರ್ ಬಡಿಸಿ, ಮನೆಗೆ ಹೋಗಿ ಮರೆವಿನ ಅಜ್ಜಿಯನ್ನು ನೋಡಿಕೊಳ್ಳಬೇಕು. ಅಪ್ಪ ಇರಾಕ್ ಯುದ್ಧದಲ್ಲಿ. ತಾಲೀಮಿಲ್ಲದೆ, ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದ್ದರಿಂದ ಮಾತುಗಳು ಒಂದರ ಮೇಲೊಂದು ಬೀಳುತ್ತವೆ, ನಡುವೆ ತುಂಡಾಗುತ್ತವೆ. ನಟರ ವಯಸ್ಸು ಇಲ್ಲೂ ಹೆಚ್ಚೇ, ಆದರೆ ಆ ತೊದಲು ಅದನ್ನು ಮರೆಸುತ್ತದೆ. ಎರಡನೆಯ ಸರಣಿಯಲ್ಲಿ (ಸೀಸನ್) ಒಂದು ಕೊಲೆಯನ್ನು ತುರುಕಿದ್ದಾರೆ. ಹುಡುಗರು ಹೆಣವನ್ನು ಹೊಳೆಗೆಸೆದರೂ ಅಷ್ಟು ಕಣ್ಣುಳ್ಳ ಊರಿಗೆ ತಕ್ಷಣ ಸುಳಿವೇ ಸಿಗುವುದಿಲ್ಲ. ಅಲ್ಲಿ ನಾನು ಎದ್ದು ಕಾಫಿ ಮಾಡಿಕೊಂಡೆ.

ಒಂದನ್ನೇ ನೋಡಬೇಕೆಂದರೆ ಚಿಪ್ಪೆವಾಕ್ಕೆ ಹೋಗಿ. ಎರಡಕ್ಕೆ ಸಮಯವಿದ್ದರೆ ಡಿಲನ್‌ನ ಮೊದಲ ಸರಣಿ. ಅಕ್ಕನ ಮಗಳು ಮಾತ್ರ ಈಗ ಬಾಯಿಪಾಠದವರ ಮೂರನೆಯ ಸರಣಿಯಲ್ಲಿದ್ದಾಳೆ. ಕೇಳಿದರೆ, 'ಅಷ್ಟೆಲ್ಲ ಹೇಳುವುದಕ್ಕೆ ಅವರಿಗಾದರೂ ಬರುತ್ತದಲ್ಲ' ಎನ್ನುತ್ತಾಳೆ.